ನೊಗ ಇಳಿಸಿದ ಮೇಲೆ ಹತ್ತು ನಿಮಿಷ

ಪಟ್ಟಣದಲ್ಲಿ ಕುದುರೆಗೆ, ನಾಯಿಗೆ ಮಾಲೀಸು ಮಾಡೋಕೆ ದುಡ್ಡು ಕೊಟ್ಟು ಜನ ಕರೆಸ್ತಾರಂತೆ. ಮಗ ಮೊಬೈಲಲ್ಲಿ ತೋರಿಸಿದಾಗ ಮನೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಪ್ಪ ನೊಗ ಇಳಿಸಿದ ಮೇಲೆ ಒಣಹುಲ್ಲಿನಿಂದ ಎತ್ತಿನ ಮೈಯೆಲ್ಲ ಉಜ್ಜಿ, ಹೆಗಲು ನೀವಿ, ಆಮೇಲೇ ತಾವು ಕೈಕಾಲು ತೊಳೀತಿದ್ರು.

ನಾವೀಗ ಎತ್ತು ಕಟ್ಟಿದ ತಕ್ಷಣ ಮೊಬೈಲು ಹಿಡೀತೀವಿ. ನಾನೂ ಹಂಗೇ ಮಾಡಿ ಕೆಟ್ಟೆ. ಹೋದ ಮುಂಗಾರಲ್ಲಿ ಎಡಗಡೆ ಎತ್ತು ನೊಗಕ್ಕೆ ಕತ್ತು ಕೊಡದೆ ಹಿಂದೆ ಸರೀತು. ಆವಾಗಲೇ ನೋಡಿದ್ದು, ಹೆಗಲು ಬಾತು ಸುಡ್ತಿತ್ತು. ಗಾಬರಿಯಲ್ಲಿ ಎಣ್ಣೆ ಹಚ್ಚಿ ತಿಕ್ಕಿದೆ, ಇನ್ನೂ ಬಾತುಕೊಂಡಿತು. ಪಶುವೈದ್ಯರು ಚೆನ್ನಾಗಿ ಬೈದು, ವಾಸಿಯಾಗೋವರೆಗೂ ಹೂಡಬೇಡ ಅಂದ್ರು. ಬಿತ್ತನೆ ಹದ ಕಾಯ್ತದಾ? ಟ್ರ್ಯಾಕ್ಟರಿಗೆ ಬಾಡಿಗೆ ತೆತ್ತೆ.

ನೀವಿದರೆ ರಕ್ತ ಓಡಾಡ್ತದೆ, ಬಿಗಿದ ಮಾಂಸ ಸಡಿಲಾಗ್ತದೆ ಅಂತಾರೆ, ನಿಜವೇ. ಆದ್ರೆ ದಿನಾ ಕೈ ಆಡಿಸೋರಿಗೆ ಗಂಟು, ಬಿಸಿ, ಉಣ್ಣೆ ಮೊದಲೇ ಕೈಗೆ ಸಿಗ್ತದಲ್ಲ, ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಲಾಭ. ಬಾತು ಬಿಸಿಯಾದ ಜಾಗ, ಗಾಯ, ಮೂಳೆ ಮುರಿದ ಅನುಮಾನ ಇದ್ರೆ ಮಾತ್ರ ತಿಕ್ಕಲೇಬೇಡಿ.

ನಮ್ಮ ಮುದಿ ನಾಯಿಗೂ ಬೆಳಗ್ಗೆ ಸೊಂಟ, ತೊಡೆ ಮೆಲ್ಲಗೆ ನೀವ್ತೀನಿ, ಏಳೋಕೆ ಹಗುರ ಆಗ್ತದೆ. ನಾಯಿಗೆ ಹರಳೆಣ್ಣೆ ಹಚ್ಚಬೇಡಿ, ನೆಕ್ಕಿಕೊಂಡು ಅಂಗಳವೆಲ್ಲ ಭೇದಿ!

ಒತ್ತೋದು ಎಷ್ಟು ಅಂತ ಎತ್ತೇ ಹೇಳ್ತದೆ. ಕತ್ತು ಚಾಚಿ ಕಣ್ಣು ಮುಚ್ಚಿದ್ರೆ ಮುಂದುವರೀರಿ. ಮೈ ಎಳಕೊಂಡ್ರೆ ಕೈ ತೆಗೆದು ಡಾಕ್ಟರಿಗೆ ತೋರಿಸಿ.