ಅಣೆಕಟ್ಟೆಯ ದಂಡೆಯಿಂದ ಸಾರ್ವಜನಿಕ ನೀತಿಯ ತರಗತಿಗೆ

ಬಿ.ಎಸ್ಸಿ. ಮುಗಿದ ಮೇಲೆ ಮುಂದೇನು? ಎಂ.ಎಸ್ಸಿ. ಇಲ್ಲವೇ ಬಿ.ಎಡ್. ಎಂಬುದು ಸವದತ್ತಿ ಕಡೆಯ ಮನೆಗಳಲ್ಲಿ ಸಿದ್ಧ ಉತ್ತರ. ಅಂತರರಾಷ್ಟ್ರೀಯ ವ್ಯವಹಾರ, ಸಾರ್ವಜನಿಕ ನೀತಿ ಎಂದರೆ ಅದು ದಿಲ್ಲಿಯವರ ಓದು ಎಂದು ಪಾಲಕರು ಸುಮ್ಮನಾಗುತ್ತಾರೆ. ಆದರೆ ಈ ಓದಿನ ಮೊದಲ ಪಾಠ ಊರ ಮಗ್ಗುಲಲ್ಲೇ, ನವಿಲುತೀರ್ಥದಲ್ಲಿದೆ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಇಲ್ಲಿ ಕಟ್ಟಿದ ಜಲಾಶಯದ ಸಾಮರ್ಥ್ಯ ಸುಮಾರು 37.7 ಟಿಎಂಸಿ. ನೀರಿನ ಕೊರತೆ ನೀಗಲು ಕಳಸಾ-ಬಂಡೂರಿ ನಾಲೆಗಳ ಮೂಲಕ ಮಹದಾಯಿಯಿಂದ 7.56 ಟಿಎಂಸಿ ತಿರುಗಿಸುವ ಯೋಜನೆ ರಾಜ್ಯದ್ದಾಗಿತ್ತು. 2010ರಲ್ಲಿ ರಚನೆಯಾದ ನ್ಯಾಯಮಂಡಳಿಯು 2018ರ ಆಗಸ್ಟ್‌ನಲ್ಲಿ ಇದಕ್ಕೆ ಕೊಟ್ಟದ್ದು 3.9 ಟಿಎಂಸಿ.

ಸವದತ್ತಿಯ ವಿಜ್ಞಾನ ಪದವೀಧರೆಯೊಬ್ಬಳು ಸಾರ್ವಜನಿಕ ನೀತಿಯ ಎಂ.ಎ. ತರಗತಿಗೆ ಸೇರಿದಳೆನ್ನಿ. ಲೆಕ್ಕ ಅವಳಿಗೆ ಸುಲಭ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರ್. ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿದರೆ, ಸೋರಿಕೆ ಬಿಟ್ಟು, 3.9 ಟಿಎಂಸಿ ಸುಮಾರು 22 ಲಕ್ಷ ಜನರಿಗೆ ಒಂದು ವರ್ಷದ ನೀರು. ಪ್ರಯೋಗಾಲಯದಲ್ಲಾದರೆ ಕೆಲಸ ಇಲ್ಲಿಗೆ ಮುಗಿಯಿತು. ಇಲ್ಲಿ ಕೆಲಸ ಶುರುವಾಗುವುದೇ ಈಗ. ಈ ನೀರು ಹುಬ್ಬಳ್ಳಿ-ಧಾರವಾಡದ ನಲ್ಲಿಗೋ, ಹಳ್ಳಿಯ ಕೆರೆಗೋ? ಕಾಡಿಗೆ ಆಗುವ ನಷ್ಟವೆಷ್ಟು? ಗೋವಾದ ಪರವಾಗಿ ವಾದ ಮಂಡಿಸು ಎಂದು ಅಧ್ಯಾಪಕರು ಹೇಳಿದರೆ ಮಲಪ್ರಭೆಯ ನೀರು ಕುಡಿದು ಬೆಳೆದವಳಿಗೆ ಗಂಟಲು ಕಟ್ಟೀತು. ಆದರೂ ಎದುರು ಪಕ್ಷದ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಬಲ್ಲವರೇ ಸಂಧಾನಕ್ಕೆ ಕೂರಬಲ್ಲರು. ಈ ಓದಿನ ಕಷ್ಟವೂ ಅದೇ, ಫಲವೂ ಅದೇ.

ದೇಶಗಳ ನಡುವೆಯೂ ಇದೇ ಪ್ರಶ್ನೆ. ಭಾರತ-ಪಾಕಿಸ್ತಾನಗಳ ಸಿಂಧೂ ಜಲ ಒಪ್ಪಂದಕ್ಕೆ 1960ರಲ್ಲಿ ಸಹಿ ಬಿತ್ತು. ಯುದ್ಧಗಳ ನಡುವೆಯೂ ಅದು ಉಳಿಯಿತು. 2025ರ ಏಪ್ರಿಲ್‌ನಲ್ಲಿ ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಇದರ ಹಿಂದೆ ಭೂಗೋಳ, ಕಾನೂನು, ರಾಜಕಾರಣ ಮೂರೂ ಇವೆ.

ವಿಜ್ಞಾನ ಓದಿದವರಿಗೆ ಇದು ಹೊರಗಿನ ದಾರಿಯಲ್ಲ. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು. ಮುಂದೆ ಅವರು ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾದರು, 1967ರಲ್ಲಿ ಪಂಜಾಬಿನ ರಾಜ್ಯಪಾಲರಾದರು.

ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಅಧ್ಯಯನದ ಶಾಲೆಯಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2014ರಿಂದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ತರಗತಿ ನಡೆಸುತ್ತಿದೆ. ಎರಡಕ್ಕೂ ಪ್ರವೇಶ ಪರೀಕ್ಷೆಯುಂಟು.

ಪಾಲಕರು ಒಂದು ಮಾತು ತಿಳಿದಿರಬೇಕು. ಈ ಪದವಿಯ ಬೆನ್ನಿಗೇ ನೌಕರಿ ಬರುತ್ತದೆಂಬ ಖಾತ್ರಿಯಿಲ್ಲ. ಸಂಶೋಧನಾ ಸಂಸ್ಥೆ, ಪತ್ರಿಕೆ, ಸ್ವಯಂಸೇವಾ ಸಂಸ್ಥೆ, ನಾಗರಿಕ ಸೇವೆ ಎಲ್ಲವೂ ಸ್ಪರ್ಧೆಯ ಬಾಗಿಲುಗಳೇ. ಶುಲ್ಕ ಮತ್ತು ವಿದ್ಯಾರ್ಥಿವೇತನದ ವಿವರವನ್ನು ಅರ್ಜಿ ಹಾಕುವ ಮೊದಲೇ ವಿಚಾರಿಸಿರಿ. ವಿದ್ಯಾರ್ಥಿಗಳು ಇಂದಿನಿಂದಲೇ ಸಂಖ್ಯಾಶಾಸ್ತ್ರ ಕಲಿಯಲಿ, ಕನ್ನಡ-ಇಂಗ್ಲಿಷ್ ಎರಡರಲ್ಲೂ ಒಂದೊಂದು ಪುಟ ಸ್ಪಷ್ಟವಾಗಿ ಬರೆಯುವ ರೂಢಿ ಮಾಡಲಿ. ಮುಂದಿನ ಜಲ ಸಂಧಾನದ ಮೇಜಿನ ಮುಂದೆ ಮಲಪ್ರಭೆಯ ದಂಡೆಯವರೂ ಒಬ್ಬರು ಕೂರಬೇಕಲ್ಲವೇ?