ಹಸಿ ಗಾಂಜಾ: ಅರ್ಧ ಸತ್ಯ, ಇಡೀ ಗಿಡದ ತೂಕ

ಕುಂದಲಹಳ್ಳಿ ಗೇಟ್ ಸುತ್ತಲಿನ ಪಿಜಿಗಳಲ್ಲಿ ಒಂದು ಮಾತು ಓಡಾಡುತ್ತಿದೆ: "ಹಸಿ ಗಾಂಜಾದಲ್ಲಿ ಇರೋದು ಟಿಎಚ್‌ಸಿ ಅಲ್ಲ, ಟಿಎಚ್‌ಸಿಎ. ಅದು ನಶೆ ಏರಿಸಲ್ಲ, ಕೇಸೂ ಆಗಲ್ಲ." ಅಮೆರಿಕದ ವಿಡಿಯೋ ನೋಡಿ ಕಲಿತದ್ದು. ಅದೇ ಮಾತು ಈಗ ವಾಟ್ಸಾಪ್ ಹತ್ತಿ ನಮ್ಮ ಹೊಲದ ಬದುವಿಗೂ ಬಂದಿದೆ. ಅದಕ್ಕೇ ಬರೆಯುತ್ತಿದ್ದೇವೆ.

ಮಾತಿನ ಮೊದಲರ್ಧ ನಿಜ. ಗಿಡ ತಯಾರಿಸುವುದು ಹೆಚ್ಚಾಗಿ ಟಿಎಚ್‌ಸಿಎ ಎಂಬ ಆಮ್ಲವನ್ನೇ. ಶಾಖ ತಾಗಿದರೆ ಅದರಿಂದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ನಶೆ ಕೊಡುವ ಟಿಎಚ್‌ಸಿ ಉಳಿಯುತ್ತದೆ. 100 ಗ್ರಾಂ ಆಮ್ಲ ಪೂರ್ತಿ ಬದಲಾದರೆ ಸುಮಾರು 88 ಗ್ರಾಂ ಟಿಎಚ್‌ಸಿ. ಒಣಗಿಸಿ ಇಟ್ಟರೂ ನಿಧಾನಕ್ಕೆ ಬದಲಾಗುತ್ತದೆ. ಸೇದುವವನಿಗೆ ಎರಡರ ನಡುವೆ ಇರುವುದು ಒಂದು ಬೆಂಕಿಕಡ್ಡಿ.

ಎರಡನೆಯರ್ಧ ಶುದ್ಧ ಸುಳ್ಳು. 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದರೇನು ಅಂತ ಹೇಳುವಾಗ ಆಮ್ಲದ ಲೆಕ್ಕ ಕೇಳುವುದೇ ಇಲ್ಲ. ಹೂವು ಅಥವಾ ಕಾಯಿ ಬಿಟ್ಟ ತುದಿ ಇದ್ದರೆ ಗಾಂಜಾ. ಹಸಿಯೋ ಒಣಗಿದ್ದೋ, ಅದು ಬೇರೆ ಮಾತು. ಅಮೆರಿಕದಲ್ಲಿ 2018ರ ಕಾನೂನು ಸೆಣಬಿನ ಜಾತಿಯ ಗಾಂಜಾ ಗಿಡಕ್ಕೆ ಟಿಎಚ್‌ಸಿ ಮಿತಿ ಹಾಕಿ ಆಮ್ಲವನ್ನು ಮರೆತಿತ್ತು. ವ್ಯಾಪಾರಿಗಳು ಆ ಸಂದಿಯಲ್ಲೇ ನುಗ್ಗಿದರು. 2025ರಲ್ಲಿ ಅಲ್ಲೂ ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕೆಂದು ಕಾನೂನು ತಿದ್ದಿದರು. ಇಲ್ಲಿ ಆ ಸಂದಿ ಎಂದೂ ಇರಲಿಲ್ಲ. ಪರವಾನಗಿ ಇಲ್ಲದೆ ಗಿಡ ಬೆಳೆಸಿದರೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಮೆಣಸಿನ ಸಾಲಿನ ನಡುವೆ ನಾಲ್ಕು ಗಿಡ ಹಾಕು ಎಂದು ಬೀಜ ಕೊಟ್ಟವನು ಜೈಲಿಗೆ ಬರುವುದಿಲ್ಲ. ಪಿಜಿಯಲ್ಲಿ ಸೇದಿದವನಂತೂ ಹೇಗೋ ಪಾರಾಗುತ್ತಾನೆ.

ನಮ್ಮ ಸಿಟ್ಟು ಪೊಲೀಸರ ತಕ್ಕಡಿಯ ಮೇಲೂ ಇದೆ. ತುದಿ ಜೊತೆಗಿಲ್ಲದ ಎಲೆ, ಬೀಜ ಗಾಂಜಾ ಅಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. 2022ರಲ್ಲಿ ಬೇಗೂರು ಪೊಲೀಸರ ಭಂಗಿ ಪ್ರಕರಣದಲ್ಲಿ, ಭಂಗಿಯನ್ನು ಈ ಕಾಯ್ದೆ ಎಲ್ಲೂ ನಿಷೇಧಿಸಿಲ್ಲ ಎಂದು ಹೇಳಿ ಹೈಕೋರ್ಟ್ ಜಾಮೀನು ಕೊಟ್ಟಿತು. ಹಾಗಿದ್ದೂ ಹೊಲದ ದಾಳಿಯಲ್ಲಿ ಆಗುವುದೇನು? ಗಿಡವನ್ನು ಬುಡಸಮೇತ ಕೀಳುತ್ತಾರೆ. ಬೇರು, ಕಾಂಡ, ಎಲೆ, ಅಂಟಿದ ಮಣ್ಣು, ಹಸಿಯ ನೀರು ಎಲ್ಲ ಸೇರಿಸಿ ತೂಗುತ್ತಾರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಯಾರಾದರೂ ಗಿಡ ಸಮೇತ ಮೆಣಸಿನಕಾಯಿ ತೂಗುತ್ತಾರಾ?

ಈ ತೂಕ ಬರೀ ಅಂಕಿಯಲ್ಲ. 1 ಕೆ.ಜಿ. ಒಳಗಿದ್ದರೆ ಹೆಚ್ಚೆಂದರೆ ಒಂದು ವರ್ಷ. 20 ಕೆ.ಜಿ. ದಾಟಿದರೆ ಕನಿಷ್ಠ 10 ವರ್ಷ, ಜಾಮೀನು ಸಿಗುವುದೂ ಬಲು ಕಷ್ಟ. ಬೆಳೆದದ್ದು ತಪ್ಪೇ, ಅದಕ್ಕೆ ಶಿಕ್ಷೆ ಇದೆ. ಬೇರಿನ ಮಣ್ಣಿಗೂ ಶಿಕ್ಷೆ ಯಾಕೆ? ಇಡೀ ಗಿಡ ತೂಗಿದ್ದಾರೆಂಬ ಕಾರಣಕ್ಕೆ ಕೋರ್ಟುಗಳು ಮತ್ತೆ ಮತ್ತೆ ಜಾಮೀನು ಕೊಟ್ಟಿವೆ. ಆದರೆ ಹೈಕೋರ್ಟ್‌ವರೆಗೆ ಹೋಗುವಷ್ಟರಲ್ಲಿ ವಕೀಲರ ಫೀಸಿಗೆ ಮನೆಯ ಎಮ್ಮೆ ಮಾರಿರುತ್ತಾರೆ.

ನಿಮ್ಮೂರಲ್ಲಿ ಪಂಚನಾಮೆಗೆ ಸಾಕ್ಷಿಯಾಗಿ ನಿಮ್ಮನ್ನು ಕರೆದರೆ ಒಂದು ಕೆಲಸ ಮಾಡಿ. ಹೂವಿನ ತುದಿ ಎಷ್ಟು, ಬೇರು ಕಾಂಡ ಎಷ್ಟು, ತೂಗುವಾಗ ಹಸಿ ಇತ್ತೋ ಒಣಗಿತ್ತೋ, ಬೇರೆ ಬೇರೆ ಬರೆಯಿರಿ ಅನ್ನಿ. ಬರೆದದ್ದನ್ನು ಓದಿಸಿಕೊಂಡ ಮೇಲೆ ಸಹಿ ಹಾಕಿ.