ಪರೀಕ್ಷೆ ಗೆಡ್ಡೆಗೆ, ವಂಶಕ್ಕಲ್ಲ

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ನಮ್ಮವರು ಮೊದಲು ಮಾಡುವ ಕೆಲಸ ಅದನ್ನು ಮುಚ್ಚಿಡುವುದು. ಇಟ್ಟಂಗಿಹಾಳದಂಥ ಹಳ್ಳಿಯಿರಲಿ, ವಿಜಯಪುರದ ಮೊಹಲ್ಲಾ ಇರಲಿ, ಮಾತು ಒಂದೇ: "ಅಬ್ಬಾಗೆ ಸ್ವಲ್ಪ ಕಫ." ಮದುವೆಗೆ ಬೆಳೆದ ಮಗಳಿದ್ದರಂತೂ ಗುಟ್ಟು ಇನ್ನೂ ಬಿಗಿ. ರಕ್ತದಲ್ಲೇ ಇರುವ ರೋಗವೆಂದು ಸಂಬಂಧ ತಪ್ಪೀತೆಂಬ ಭಯ. ಶ್ವಾಸಕೋಶದ ಕ್ಯಾನ್ಸರಿಗೆ ವೈದ್ಯರು 'ವಂಶವಾಹಿ ಪರೀಕ್ಷೆ' ಬರೆದುಕೊಟ್ಟರೆ ಆ ಭಯ ಇಮ್ಮಡಿಯಾಗುತ್ತದೆ. ಇದು ತಪ್ಪು ತಿಳಿವಳಿಕೆ. ಇದರಿಂದ ರೋಗಿಗೆ ಸಿಗಬೇಕಾದ ಚಿಕಿತ್ಸೆಯೇ ಕೈತಪ್ಪುತ್ತದೆ.

ನಮ್ಮ ಜೀವಕೋಶಗಳಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಸೂಚನೆಗಳು ಅವುಗಳಲ್ಲಿವೆ. ಬೀಡಿ, ಸಿಗರೇಟಿನ ಹೊಗೆ, ಒಲೆಯ ಹೊಗೆ, ಕೆಟ್ಟ ಗಾಳಿ ವರ್ಷಗಟ್ಟಲೆ ಎದೆಗೆ ಹೋದಾಗ, ಕೆಲವರಲ್ಲಿ ಕಾರಣವೇ ಕಾಣದೆಯೂ, ಈ ತಂತುಗಳು ತುಂಡಾಗಿ ತಪ್ಪಾಗಿ ಜೋಡಿಕೊಳ್ಳುತ್ತವೆ. ಬಹುಪಾಲು ರೋಗಿಗಳಲ್ಲಿ ಈ ಬದಲಾವಣೆ ಇರುವುದು ಗೆಡ್ಡೆಯ ಕೋಶಗಳಲ್ಲಿ ಮಾತ್ರ. ತಂದೆಯಿಂದ ಮಗಳಿಗೆ ಅದು ದಾಟುವುದಿಲ್ಲ. ವಂಶವಾಹಿ ಎಂಬ ಹೆಸರೇ ನಮ್ಮ ದಾರಿ ತಪ್ಪಿಸಿದೆ.

ಈ ಪರೀಕ್ಷೆಯಿಂದ ಏನು ಲಾಭ? 2007ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಸಂಗತಿ ಕಂಡುಹಿಡಿದರು. ಕೆಲವು ರೋಗಿಗಳ ಗೆಡ್ಡೆಯಲ್ಲಿ 2ನೇ ವರ್ಣತಂತುವಿನ ಒಂದು ಭಾಗ ಮುರಿದು, ತಲೆಕೆಳಗಾಗಿ ಕೂಡಿಕೊಂಡಿತ್ತು. ಇದೇ ಎಎಲ್‌ಕೆ ದೋಷ. ನೂರು ರೋಗಿಗಳಲ್ಲಿ ಮೂರರಿಂದ ಐವರಲ್ಲಿ ಕಾಣುವ ಇದು, ಧೂಮಪಾನ ಮಾಡದವರಲ್ಲಿ ಮತ್ತು ಕಿರಿಯ ವಯಸ್ಸಿನವರಲ್ಲಿ ಹೆಚ್ಚು. ಇದಕ್ಕೆಂದೇ ಈಗ ಮಾತ್ರೆಗಳಿವೆ. ಅಲೆಕ್ಟಿನಿಬ್ ಮಾತ್ರೆಯ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ, ರೋಗ ಮುಂದುವರಿದ ಹಂತದಲ್ಲಿದ್ದವರಲ್ಲೂ ಐದು ವರ್ಷಗಳ ನಂತರ ನೂರಕ್ಕೆ 62 ಮಂದಿ ಬದುಕಿದ್ದರು. ಹಿಂದೆ ಇಂಥ ಹಂತದಲ್ಲಿ ಕಿಮೋ ಒಂದರಿಂದಲೇ ಹೆಚ್ಚಿನವರು ದಾಟುತ್ತಿದ್ದುದು ಸುಮಾರು ಒಂದು ವರ್ಷ.

7ನೇ ವರ್ಣತಂತುವಿನಲ್ಲಿರುವ ಇಜಿಎಫ್‌ಆರ್ ಜೀನಿನ ದೋಷ ಇನ್ನೂ ಸಾಮಾನ್ಯ. ಅಡಿನೊಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶ ಕ್ಯಾನ್ಸರ್ ಇರುವ ಭಾರತೀಯರಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಇರುತ್ತದೆ. ಅದಕ್ಕೂ ಮಾತ್ರೆಯಿದೆ. ಪರೀಕ್ಷೆ ಮಾಡಿಸದವರಿಗೆ ಮಾತ್ರ ಅದು ಇದ್ದೂ ಇಲ್ಲದಂತೆ.

ಎಲ್ಲರಿಗೂ ಇಂಥ ಮಾತ್ರೆ ಸಿಗುವುದಿಲ್ಲ, ನಿಜ. ಗೆಡ್ಡೆಯಲ್ಲಿ ವರ್ಣತಂತುಗಳ ಗೊಂದಲ ಹೆಚ್ಚಿದಷ್ಟೂ ರೋಗ ಮರುಕಳಿಸುವ ಅಪಾಯ ಹೆಚ್ಚು ಎಂದು 2017ರ ಬ್ರಿಟನ್ ಅಧ್ಯಯನ ತೋರಿಸಿದೆ. ಆದ್ದರಿಂದ ಮನೆಯ ಗಂಡಸರು ಬೀಡಿ ಬಿಡುವುದು ಯಾವ ಮಾತ್ರೆಗಿಂತಲೂ ದೊಡ್ಡ ಔಷಧ.

ನಮ್ಮ ಕಡೆ ಇನ್ನೆರಡು ತಪ್ಪುಗಳು ನಡೆಯುತ್ತಿವೆ. ಎದೆಯ ಕೆಮ್ಮನ್ನೆಲ್ಲ ಟಿಬಿ ಎಂದುಕೊಂಡು ತಿಂಗಳುಗಟ್ಟಲೆ ಗುಳಿಗೆ ನುಂಗುವುದು ಒಂದು. ಔಷಧ ತೆಗೆದುಕೊಂಡರೂ ಕೆಮ್ಮು ಇಳಿಯದಿದ್ದರೆ, ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಸಿಟಿ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ. ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆಂದು ಹೆದರಿ ಓಡುವುದು ಇನ್ನೊಂದು. ಗೆಡ್ಡೆಯ ತುಣುಕಿಲ್ಲದೆ ರೋಗದ ಬಗೆ ತಿಳಿಯದು. ಬಯಾಪ್ಸಿ ವರದಿ ಬಂದ ದಿನ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಇಷ್ಟೆ: "ಡಾಕ್ಟರ್ ಸಾಹೇಬ್, ಇಜಿಎಫ್‌ಆರ್, ಎಎಲ್‌ಕೆ ಪರೀಕ್ಷೆ ಆಗಿದೆಯೇ?" ಖರ್ಚಿನ ಚಿಂತೆಯಿದ್ದರೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಾಣಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಯಾವುದು ಅದರಲ್ಲಿ ಸೇರುತ್ತದೆ, ಯಾವುದು ಸೇರದು ಎಂದು ಮೊದಲೇ ಕೇಳಿಕೊಳ್ಳಿ.

ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಆಸ್ಪತ್ರೆ ಬೆಂಗಳೂರಿನಲ್ಲಿದೆ. "ಕಿದ್ವಾಯಿಗೆ ಹೋದರು" ಎಂದರೆ ಮುಗಿಯಿತೆಂದು ಅರ್ಥ ಮಾಡಿಕೊಳ್ಳುವ ಕಾಲ ಹೋಗಬೇಕು. ರೋಗ ಬಂದದ್ದು ಯಾರ ಮನೆತನಕ್ಕೂ ಕಳಂಕವಲ್ಲ. ಸಂಬಂಧ ನೋಡಲು ಬಂದವರೂ ಇದನ್ನು ತಿಳಿದಿರಲಿ. ಚಿಕಿತ್ಸೆ ಇದ್ದೂ ಅಬ್ಬಾಗೆ ಅದು ಸಿಗದಂತೆ ಮಾಡುವುದು ಮಾತ್ರ ನಮ್ಮ ತಪ್ಪು.